ಮಸಿಯಲ್ಲಿ ಅರಳಿದ ಹೂ

ಚೀನೀ ಚಿತ್ರಪಟಗಳನ್ನು ನೀವು ಕಂಡಿರಬಹುದು. ಬಿಳಿಯ ಕಾಗದದ ಮೇಲೆ ಮಸಿಯಿಂದ ಬರೆದ ಒಂದು ಕೊಂಬೆ, ನಾಲ್ಕಾರು ಹೂ, ಪಕ್ಕದಲ್ಲಿ ಸಾಲುಸಾಲು ಅಕ್ಷರ. ಚಿತ್ರದ ಮೇಲೆ ಬರವಣಿಗೆ ಏತಕ್ಕೆಂದು ಕೇಳುವಿರಾ? ಆ ದೇಶದ ವಿದ್ವಾಂಸರ ಎಣಿಕೆಯಲ್ಲಿ ಇವೆರಡೂ ಬೇರೆಯಲ್ಲ. ಕುಂಚವೂ ಒಂದೇ, ಮಸಿಯೂ ಒಂದೇ.

ಆ ಹೂವಿನ ಹೆಸರು ಮೇಯ್‌ಹುವಾ, ಪ್ಲಮ್ ಜಾತಿಯದು. ಚಳಿಗಾಲ ಕಳೆಯುವ ಮುನ್ನವೇ, ಎಲೆಯಿಲ್ಲದ ಬರಿಯ ಕೊಂಬೆಯಲ್ಲಿ ಅರಳುತ್ತದೆ. ಆದುದರಿಂದಲೇ ಕಷ್ಟದಲ್ಲಿಯೂ ಶೀಲ ಬಿಡದವನಿಗೆ ಅದು ಕುರುಹಾಯಿತು.

ಬಣ್ಣವಿಲ್ಲದೆ ಬರಿಯ ಮಸಿಯಲ್ಲಿ ಇದನ್ನು ಬರೆಯುವ ಪದ್ಧತಿಗೆ ಝೊಂಗ್‌ರೆನ್ ಎಂಬ ಬೌದ್ಧ ಭಿಕ್ಷು ಮೂಲಪುರುಷನೆಂದು ಪ್ರತೀತಿ. ಸುಂಗ್ ಅರಸರ ಕಾಲದಲ್ಲಿ, ಸುಮಾರು 1100ರಲ್ಲಿ, ಬೆಳದಿಂಗಳಿನಲ್ಲಿ ಕಾಗದದ ಕಿಟಕಿಯ ಮೇಲೆ ಬಿದ್ದ ಕೊಂಬೆಯ ನೆರಳನ್ನು ಕಂಡು ಆತ ಕುಂಚ ಹಿಡಿದನಂತೆ. 1238ರಲ್ಲಿ ಸುಂಗ್ ಬೋರೆನ್ ಎಂಬಾತನು ಮೊಗ್ಗು ಮೊದಲ್ಗೊಂಡು ಹೂವಿನ ನೂರು ಅವಸ್ಥೆಗಳನ್ನು ನೂರು ಚಿತ್ರಗಳಲ್ಲಿ, ಒಂದೊಂದಕ್ಕೂ ಒಂದು ಕವಿತೆಯೊಡನೆ, ಗ್ರಂಥವಾಗಿ ಹೊರತಂದನು.

ಕೊಂಬೆಯನ್ನು ಬರೆಯುವುದು ಹೇಗೆ? ಅಕ್ಷರ ಬರೆದಂತೆಯೇ. ಕುಂಚವನ್ನು ಊರಿ, ತಳ್ಳಿ, ಗಂಟು ಬಂದಲ್ಲಿ ತಡೆದು, ತುದಿಯಲ್ಲಿ ಎತ್ತಿಬಿಡಬೇಕು. ಮಸಿ ಕಡಮೆಯಾದ ಕುಂಚ ವೇಗದಿಂದ ಓಡಿದರೆ ಗೆರೆಯ ನಡುವೆ ಕಾಗದದ ಬಿಳುಪು ಇಣುಕುತ್ತದೆ. ಲಿಪಿಕಾರರು ಅದನ್ನು 'ಹಾರುವ ಬಿಳುಪು' ಎನ್ನುತ್ತಾರೆ. ಚಿತ್ರದಲ್ಲಿ ಅದೇ ಮುದಿಮರದ ತೊಗಟೆಯಾಗುತ್ತದೆ. ಮಸಿ ಇಂಗಿದ ಮೇಲೆ ತಿದ್ದುವಂತಿಲ್ಲ. ಆದ್ದರಿಂದ ಗೆರೆಯಲ್ಲಿ ಬರೆದವನ ಮನಸ್ಸೇ ಕಾಣುತ್ತದೆಂದು ಅವರ ನಂಬಿಕೆ. ಚಿತ್ರವೂ ಲಿಪಿಯೂ ಮೂಲದಲ್ಲಿ ಒಂದೇ ಎಂಬ ಮಾತನ್ನು ಝಾವ್ ಮೆಂಗ್‌ಫು (1254–1322) ತನ್ನದೊಂದು ಚಿತ್ರದ ಮೇಲೆಯೇ ಬರೆದಿಟ್ಟಿದ್ದಾನೆ.

ಈ ನಂಬಿಕೆಗೆ ತಕ್ಕಂತೆ ಬಾಳಿದವನು ವಾಂಗ್ ಮಿಯೆನ್. ಝೆಜಿಯಾಂಗ್ ಪ್ರಾಂತದ ರೈತನ ಮಗ. ದನ ಮೇಯಿಸಲು ಹೋದ ಹುಡುಗ, ಶಾಲೆಯಲ್ಲಿ ಪಾಠ ಕೇಳುತ್ತ ನಿಂತು ದನವನ್ನೇ ಕಳೆದುಕೊಂಡನಂತೆ. ರಾತ್ರಿ ದೇವಾಲಯದ ದೀಪದಲ್ಲಿ ಓದಿದನಂತೆ. ಆದರೆ ಸರ್ಕಾರಿ ಪರೀಕ್ಷೆಯಲ್ಲಿ ತೇರ್ಗಡೆಯಾಗಲಿಲ್ಲ. ಮುಂದೆ ಮಂಗೋಲರ ರಾಜಧಾನಿಯಲ್ಲಿ ಅಧಿಕಾರಿಯೊಬ್ಬನು ಉದ್ಯೋಗ ಕೊಡಿಸಲು ಮುಂದಾದಾಗ, ಹತ್ತು ವರ್ಷದಲ್ಲಿ ಈ ಸ್ಥಳ ನರಿ ಮೊಲಗಳ ಬೀಡಾದೀತೆಂದು ಹೇಳಿ, ಒಲ್ಲೆನೆಂದನು. ಊರಿಗೆ ಮರಳಿ, ಬೆಟ್ಟದಲ್ಲಿ ಸಾವಿರ ಮೇಯ್‌ಹುವಾ ಗಿಡ ನೆಟ್ಟು, ಚಿತ್ರ ಕೊಟ್ಟು ಅಕ್ಕಿ ಪಡೆದು ಜೀವನ ಸಾಗಿಸಿದನು. ಅವನು ತೀರಿಕೊಂಡದ್ದು 1359ರಲ್ಲಿ. ಮಂಗೋಲರ ದೊರೆತನ ಮುಗಿದದ್ದು 1368ರಲ್ಲಿ.

ಅವನ ಮಸಿಯ ಮೇಯ್‌ಹುವಾ ಚಿತ್ರವೊಂದು ಬೀಜಿಂಗಿನ ಅರಮನೆಯ ವಸ್ತುಸಂಗ್ರಹಾಲಯದಲ್ಲಿದೆ. ಅದರ ಮೇಲೆ ಅವನದೇ ಕೈಬರಹದ ಕವಿತೆಯುಂಟು. ಅಂಥ ಚಿತ್ರದ ಅಚ್ಚುಪ್ರತಿ ನಿಮ್ಮ ಕೈಗೆ ಬಂದರೆ, ಲಿಪಿ ತಿಳಿಯದೆಂದು ಪಕ್ಕಕ್ಕಿಡಬೇಡಿ. ಕುಂಚ ಎಲ್ಲಿ ಊರಿತು, ಎಲ್ಲಿ ಎದ್ದಿತು ಎಂಬುದನ್ನು ಮೊದಲು ಅಕ್ಷರದಲ್ಲಿ, ಆಮೇಲೆ ಕೊಂಬೆಯಲ್ಲಿ ನೋಡಿ. ಎರಡರಲ್ಲಿಯೂ ಒಂದೇ ಕೈ ನಿಮಗೆ ಕಾಣಿಸೀತು.