ಲಾಂಗ್ ಡೇಸ್ ಜರ್ನಿ ಇನ್‌ಟು ನೈಟ್ (1962)

ಅಮೆರಿಕದ ನಾಟಕಕಾರ ಯೂಜೀನ್ ಓನೀಲ್ ಅವರ ಇದೇ ಹೆಸರಿನ ನಾಟಕವನ್ನು ಆಧರಿಸಿ ಸಿಡ್ನಿ ಲೂಮೆಟ್ ನಿರ್ದೇಶಿಸಿದ ಕಪ್ಪು-ಬಿಳುಪು ಚಿತ್ರ. ಅವಧಿ ಮೂರು ಗಂಟೆಗೆ ಕೆಲವೇ ನಿಮಿಷ ಕಡಿಮೆ. ಚಿತ್ರಕ್ಕೆಂದು ಹೊಸ ಸಂಭಾಷಣೆ ಬರೆಸದೆ ಲೂಮೆಟ್ ಓನೀಲರ ಮಾತುಗಳನ್ನೇ ನೆಚ್ಚಿಕೊಂಡರು.

ನಾಟಕ ಓನೀಲರ ಸ್ವಂತ ಮನೆಯ ಕಥೆ. ತಂದೆ ಜೇಮ್ಸ್ ಓನೀಲ್ ಮಾಂಟೆ ಕ್ರಿಸ್ಟೊ ಪಾತ್ರವೊಂದನ್ನೇ ಸಾವಿರಾರು ಸಲ ಆಡಿ ಹಣ ಗಳಿಸಿದ ನಟ. ತಾಯಿಗೆ ಮಾರ್ಫಿನ್ ಚಟ. 1941ರಲ್ಲಿ ನಾಟಕ ಮುಗಿಸಿದ ಓನೀಲ್, ತಾವು ಸತ್ತು 25 ವರ್ಷ ಕಳೆಯುವವರೆಗೆ ಅದನ್ನು ಪ್ರಕಟಿಸಬಾರದೆಂದು ಹಸ್ತಪ್ರತಿಗೆ ಮೊಹರು ಹಾಕಿಸಿದ್ದರು. ಅವರು ತೀರಿಕೊಂಡದ್ದು 1953ರಲ್ಲಿ. ಪತ್ನಿ ಕಾರ್ಲೊಟ್ಟಾ ಅಷ್ಟು ಕಾಲ ಕಾಯಲಿಲ್ಲ. 1956ರಲ್ಲಿ ನಾಟಕ ಸ್ಟಾಕ್‌ಹೋಮ್‌ನಲ್ಲಿ ರಂಗಕ್ಕೆ ಬಂತು, ಮರುವರ್ಷ ಪುಲಿಟ್ಜರ್ ಪ್ರಶಸ್ತಿ ಪಡೆಯಿತು.

ಕಥೆ ನಡೆಯುವುದು 1912ರ ಆಗಸ್ಟ್‌ನ ಒಂದೇ ದಿನ, ಬೆಳಗಿನಿಂದ ನಡುರಾತ್ರಿಯವರೆಗೆ. ಓನೀಲ್ ಕುಟುಂಬ ಇಲ್ಲಿ ಟೈರೋನ್ ಕುಟುಂಬ. ಟೈರೋನ್ ದಂಪತಿಯ ಕಿರಿಮಗ ಎಡ್ಮಂಡ್‌ಗೆ ಕ್ಷಯ. ಹಿರಿಮಗ ಜೇಮಿ ಕುಡುಕ. ತಾಯಿ ಮೇರಿ ಮತ್ತೆ ಮಾರ್ಫಿನ್‌ಗೆ ಮರಳುತ್ತಿದ್ದಾಳೆಂದು ಎಲ್ಲರಿಗೂ ಅನುಮಾನ, ಬಾಯಿಬಿಟ್ಟು ಹೇಳಲು ಭಯ.

ನಾಟಕವನ್ನು ತೆರೆಗೆ ತರುವವರು ಸಾಮಾನ್ಯವಾಗಿ ಕಥೆಯನ್ನು ಬೀದಿಗೆ, ಊರಿಗೆ ಕರೆದೊಯ್ಯುತ್ತಾರೆ. ಲೂಮೆಟ್ ಆರಂಭದ ದೃಶ್ಯಗಳನ್ನಷ್ಟೇ ಹೊರಾಂಗಣದಲ್ಲಿಟ್ಟು, ಆಮೇಲೆ ನಾಲ್ವರನ್ನೂ ಮನೆಯೊಳಗೇ ಕೂಡಿಹಾಕಿದರು. ಚಿತ್ರದ ಕಸುವೆಲ್ಲ ಈ ಹಟದಲ್ಲಿದೆ. ಗೋಡೆಗಳಾಚೆ ಹೋಗುವ ದಾರಿಯಿಲ್ಲದ್ದರಿಂದ ಕ್ಯಾಮೆರಾ ಮುಖಗಳನ್ನು ಹುಡುಕುತ್ತದೆ. ಛಾಯಾಗ್ರಾಹಕ ಬೋರಿಸ್ ಕೌಫ್‌ಮನ್ ದಿನ ಇಳಿದಂತೆ ಗಂಡಸರ ಮೇಲಿನ ಬೆಳಕನ್ನು ಕಟುವಾಗಿಸುತ್ತ, ಮೇರಿಯ ಮೇಲಿನದನ್ನು ಮೃದುವಾಗಿಸುತ್ತ ಹೋಗುತ್ತಾರೆ.

ಕರೆಂಟಿನ ಖರ್ಚಿಗೂ ಲೆಕ್ಕ ಹಾಕುವವನು ತಂದೆ ಟೈರೋನ್. ಎಡ್ಮಂಡ್ ದೀಪ ಆರಿಸಲು ಒಪ್ಪದೆ ಜಗಳಕ್ಕಿಳಿದಾಗ, ಮುದುಕ ರೋಷದಿಂದ ತಲೆಯ ಮೇಲಿನ ಬಲ್ಬುಗಳನ್ನೆಲ್ಲ ಹೊತ್ತಿಸುತ್ತಾನೆ. ಮಗನನ್ನು ಅಗ್ಗದ ಆಸ್ಪತ್ರೆಗೆ ಕಳಿಸಹೊರಟ ಜಿಪುಣತನವನ್ನು ಎಡ್ಮಂಡ್ ಎತ್ತಿ ಆಡಿದ ಮೇಲೆ, ಒಂದೇ ಪಾತ್ರಕ್ಕೆ ತನ್ನ ಪ್ರತಿಭೆ ಮಾರಿಕೊಂಡ ಕಥೆ ಹೇಳಿ ಮುಗಿಸಿ, ತಾನೇ ಅವನ್ನು ಮತ್ತೆ ಆರಿಸುತ್ತಾನೆ. ಅನುಕಂಪ ಹುಟ್ಟಿದ ಗಳಿಗೆಯಲ್ಲೂ ಬಿಡದ ಚಟ ಅದು. ಟೈರೋನ್ ಪಾತ್ರದಲ್ಲಿ ರಾಲ್ಫ್ ರಿಚರ್ಡ್‌ಸನ್ ಇಲ್ಲಿ ಒಂದಿಷ್ಟೂ ಅತಿ ಮಾಡದೆ ನಟಿಸಿದ್ದಾರೆ.

ಮೇರಿಯಾಗಿ ಕ್ಯಾಥರೀನ್ ಹೆಪ್‌ಬರ್ನ್, ಎಡ್ಮಂಡ್ ಆಗಿ ಡೀನ್ ಸ್ಟಾಕ್‌ವೆಲ್. ಜೇಮಿಯ ಪಾತ್ರ ಜೇಸನ್ ರೋಬಾರ್ಡ್ಸ್‌ಗೆ ಹೊಸದಲ್ಲ. 1956ರ ಬ್ರಾಡ್‌ವೇ ಪ್ರಯೋಗದಲ್ಲೂ ಅವರೇ ಜೇಮಿ. 1962ರ ಕಾನ್ ಚಿತ್ರೋತ್ಸವದಲ್ಲಿ ನಾಲ್ವರಿಗೂ ಅಭಿನಯದ ಪ್ರಶಸ್ತಿ ಬಂತು. ಆಸ್ಕರ್ ನಾಮನಿರ್ದೇಶನ ಮಾತ್ರ ಹೆಪ್‌ಬರ್ನ್ ಒಬ್ಬರಿಗೇ ಸಿಕ್ಕಿತು.