ಕೋಳಿಯ ಬಣ್ಣಕ್ಕೆ ಬೆಲೆ ಕಟ್ಟಿದವರು

ಬಣ್ಣದ ಗರಿಯಿದ್ದರೆ ನಾಟಿ ಕೋಳಿ, ಬಿಳಿಯ ಗರಿಯಿದ್ದರೆ ಫಾರಮ್ಮಿನ ಕೋಳಿ ಎಂಬುದು ನಮ್ಮ ಬೆಂಗಳೂರಿಗರ ದೃಢವಾದ ನಂಬಿಕೆ. ಚಾಮರಾಜಪೇಟೆಯಿಂದ ಮಲ್ಲೇಶ್ವರದವರೆಗೆ ಈ ನಂಬಿಕೆಗೆ ಪೇಟೆಯಲ್ಲಿ ಬೆಲೆಯೂ ಉಂಟು. ಕೋಳಿಯ ಮಾತೇ ಬೇಡವೆನ್ನುವ ಬಸವನಗುಡಿಯ ಸಸ್ಯಾಹಾರಿ ವಾಚಕರು ಕ್ಷಣಕಾಲ ಸೈರಿಸಿಕೊಳ್ಳಬೇಕು. ನಾನು ಹೇಳಹೊರಟಿರುವುದು ಅಡುಗೆಮನೆಯ ವಿಚಾರವನ್ನಲ್ಲ, ಚರಿತ್ರೆಯ ವಿಚಾರವನ್ನು. ಬಣ್ಣ ನೋಡಿ ಗುಣವನ್ನು ಅಳೆಯುವ ಮನುಷ್ಯನ ಹಳೆಯ ಚಟಕ್ಕೆ ಕೋಳಿ ಒಳ್ಳೆಯ ಸಾಕ್ಷಿ.

ಕೋಳಿಯ ಮೇಲಣ ಆಸಕ್ತಿಗೆ ನಮ್ಮಲ್ಲಿ ಅರಮನೆಯ ಮನ್ನಣೆಯೇ ಇತ್ತು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಸುಮಾರು 1130ರಲ್ಲಿ ರಚಿಸಿದ ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’ದಲ್ಲಿ ರಾಜನ ವಿನೋದಗಳ ಸಾಲಿನಲ್ಲಿ ಕುಕ್ಕುಟ ವಿನೋದವೂ ಸೇರಿದೆ. ಅರಮನೆಗಳು ಹೋದರೂ ಅಂಕ ಹೋಗಲಿಲ್ಲ. ತುಳುನಾಡಿನ ಕೋಳಿ ಅಂಕದಲ್ಲಿ ಹುಂಜವನ್ನು ಕರೆಯುವುದು ಬಣ್ಣದಿಂದಲೇ: ಬಿಳಿಯದು ಬೊಳ್ಳೆ, ಕೆಂಪಿನದು ಕೆಮ್ಮೈರೆ. ಯಾವ ದಿನ ಯಾವ ಬಣ್ಣಕ್ಕೆ ಗೆಲುವು ಎಂದು ಹೇಳಲು ಕುಕ್ಕುಟ ಪಂಚಾಂಗವೇ ಇದೆ. ಕಾದುವ ಕೋಳಿಯೆಂದು ಹೆಸರಾದ ಅಸೀಲ್ ತಳಿಯಲ್ಲಿಯೂ ಹೀಗೆಯೇ: ಹೊಂಗೆಂಪಿನದು ಪೀಲಾ, ಕರಿಯದು ಕಾಗರ್, ಬಿಳಿಯದು ನೂರಿ, ಕಪ್ಪು ಬಿಳುಪಿನ ಚುಕ್ಕೆಯದು ಚಿಟ್ಟಾ. 1960ರ ಪ್ರಾಣಿಹಿಂಸೆ ತಡೆ ಕಾಯಿದೆ ಇಂಥ ಕಾಳಗವನ್ನು ಅಪರಾಧವೆಂದು ಸಾರಿತು. ಬಣ್ಣದ ಹೆಸರುಗಳು ಮಾತ್ರ ಬಾಯಿಂದ ಬಾಯಿಗೆ ಉಳಿದುಬಂದಿವೆ.

ನಾವು ಕನ್ನಡ ಮೇಷ್ಟರುಗಳು ಕೋಳಿಯ ಮಾತು ಬಂದಾಗ ಜನ್ನನನ್ನು ನೆನೆಯದಿರಲಾರೆವು. 1209ರ ‘ಯಶೋಧರ ಚರಿತೆ’ಯಲ್ಲಿ ಅರಸನು ಜೀವದ ಕೋಳಿಯ ಬದಲು ಹಿಟ್ಟಿನ ಕೋಳಿಯನ್ನು ಬಲಿಕೊಡುತ್ತಾನೆ. ರೂಪವಷ್ಟೇ ಕೋಳಿಯದು, ಪಾಪವಾದರೋ ನಿಜವಾದ ಹಿಂಸೆಯದೇ. ಹೊರಗಿನ ರೂಪಕ್ಕೂ ಒಳಗಿನ ವಸ್ತುವಿಗೂ ಇರುವ ನಂಟು ಏನು ಎಂಬ ಪ್ರಶ್ನೆಯನ್ನು ಕವಿ ಧರ್ಮದ ದಾರಿಯಲ್ಲಿ ಕೇಳಿದ. ಏಳು ಶತಮಾನಗಳ ಅನಂತರ ವಿಜ್ಞಾನಿಗಳು ಅದನ್ನೇ ಬೇರೆ ದಾರಿಯಲ್ಲಿ ಕೇಳಿದರು.

ಡಾರ್ವಿನ್ ಕಪ್ಪು ಸ್ಪ್ಯಾನಿಷ್ ಹುಂಜವನ್ನು ರೇಷ್ಮೆಯಂಥ ಬಿಳಿಯ ಗರಿಯ ಹೇಂಟೆಗಳೊಡನೆ ಕೂಡಿಸಿದಾಗ ಹುಟ್ಟಿದ ಒಂದು ಹುಂಜದಲ್ಲಿ, ಅಪ್ಪನಲ್ಲೂ ಅಮ್ಮನಲ್ಲೂ ಕಾಣದ ಕೆಂಪು ಕಾಡುಕೋಳಿಯ ಬಣ್ಣ ಮರಳಿ ಮೂಡಿತು. ಇದನ್ನು ಅವನು 1868ರ ಗ್ರಂಥದಲ್ಲಿ ಬರೆದಿಟ್ಟ. ಅಜ್ಜನ ಸೊತ್ತು ಎಲ್ಲೋ ಅಡಗಿ ಕುಳಿತಿತ್ತೆಂದಾಯಿತು. ಮೆಂಡಲ್ ಬಟಾಣಿಯಲ್ಲಿ ಕಂಡ ನಿಯಮ ಕೋಳಿಗೂ ಸಲ್ಲುತ್ತದೆಂದು 1902ರಲ್ಲಿ ಬೇಟ್‌ಸನ್ ತೋರಿಸಿದ ಮೇಲೆ ಈ ಒಗಟು ಬಿಡಿಸಿಕೊಂಡಿತು. ಆಂಡಲೂಸಿಯನ್ ಎಂಬ ನೀಲಿ ಬೂದಿಬಣ್ಣದ ಕೋಳಿಯ ಉದಾಹರಣೆ ಸೊಗಸಾದದ್ದು. ನೀಲಿಗೆ ನೀಲಿಯನ್ನೇ ಕೂಡಿಸಿದರೆ ಸರಾಸರಿ ನಾಲ್ಕು ಮರಿಗಳಲ್ಲಿ ಒಂದು ಕಪ್ಪು, ಎರಡು ನೀಲಿ, ಒಂದು ಚುಕ್ಕೆ ಸಿಡಿದ ಬಿಳುಪು. ಎಲ್ಲವೂ ನೀಲಿಯೇ ಬೇಕೆಂದರೆ ಕಪ್ಪನ್ನೂ ಚುಕ್ಕೆಬಿಳುಪನ್ನೂ ಕೂಡಿಸಬೇಕು. ಬೇಕಾದ ಬಣ್ಣವನ್ನು ಪಡೆಯಲು ಆ ಬಣ್ಣವೇ ಇಲ್ಲದ ತಂದೆತಾಯಿಗಳನ್ನು ಹುಡುಕಬೇಕಾದ ವಿಚಿತ್ರ!

ಇದರಿಂದ ತಿಳಿಯುವುದು ಇಷ್ಟು: ಗರಿಯ ಬಣ್ಣವನ್ನು ನಿರ್ಧರಿಸುವ ಅಂಶಗಳು ಕೆಲವೇ; ರುಚಿ, ಬೆಳವಣಿಗೆ, ಮೊಟ್ಟೆಯಿಡುವ ಶಕ್ತಿ, ಇವುಗಳ ಹಿಂದೆ ಇರುವವು ಬೇರೆಯವು, ಹಲವು. ಆಯ್ಕೆ ಮಾಡುವ ಮನುಷ್ಯ ಬಣ್ಣವನ್ನು ಗುಣದಿಂದ ಬೇರ್ಪಡಿಸಬಲ್ಲ. ಬೇರ್ಪಡಿಸಿಯೂ ಬಿಟ್ಟ. ಮಾಂಸದ ಕೋಳಿಯನ್ನು ಬಿಳಿಯದಾಗಿ ಮಾಡಿದ್ದಕ್ಕೆ ಮುಖ್ಯ ಕಾರಣ, ಗರಿ ಕಿತ್ತ ಮೇಲೆ ಚರ್ಮದಲ್ಲಿ ಉಳಿಯುವ ಎಳೆಗರಿಯ ಬುಡಗಳು ಕಪ್ಪಾಗಿ ಕಾಣದಿರಲಿ ಎಂಬುದು. ಪೇಟೆಯ ಕಣ್ಣಿಗಾಗಿ ಬಿಳುಪು ಬಂತು. ಈಗ ಅದೇ ಪೇಟೆಯ ಕಣ್ಣು ಬಿಳುಪನ್ನು ಕಂಡು ಮೂಗು ಮುರಿಯುತ್ತಿದೆ. ಕಂದು ಮೊಟ್ಟೆಯ ಕಥೆಯೂ ಇದೇ. ಚಿಪ್ಪಿನ ಬಣ್ಣ ತಳಿಯಿಂದ ಬರುವಂಥದು. ದೊಡ್ಡ ಫಾರಮ್ಮುಗಳಲ್ಲಿ ಕಂದು ಮೊಟ್ಟೆಯಿಡುವ ಕೋಳಿಗಳೂ ಬೇಕಾದಷ್ಟಿವೆ.

ಹಾಗಾದರೆ ಬಣ್ಣವೆಂಬುದು ಬರಿಯ ಭ್ರಮೆಯೇ? ಅಲ್ಲವೆಂಬುದಕ್ಕೆ ಉತ್ತರ ನಮ್ಮ ಹೆಬ್ಬಾಳದಲ್ಲಿಯೇ ದೊರೆಯುತ್ತದೆ. 1958ರಲ್ಲಿ ಆರಂಭವಾದ ಅಲ್ಲಿಯ ಪಶುವೈದ್ಯಕೀಯ ಕಾಲೇಜು ಕೃಷಿ ವಿಶ್ವವಿದ್ಯಾನಿಲಯದ ಅಂಗವಾಗಿದ್ದಾಗ, 1980ರ ದಶಕದಲ್ಲಿ, ಹಳ್ಳಿಯ ಹಿತ್ತಲಿಗೆಂದೇ ರೂಪಿಸಿದ ಕೋಳಿ ‘ಗಿರಿರಾಜ’. ವರ್ಷಕ್ಕೆ ಸುಮಾರು 140ರಿಂದ 150 ಮೊಟ್ಟೆ ಇಡುವ ಈ ಕೋಳಿಗೆ ಬಣ್ಣಬಣ್ಣದ ಗರಿ. ನಾಟಿ ಕೋಳಿಯ ರೂಪ ಹಳ್ಳಿಗರಿಗೆ ಒಪ್ಪಿಗೆಯಾಗುವುದಲ್ಲದೆ, ತಿಪ್ಪೆ ಕೆದಕುವ ಕೋಳಿಗೆ ಮಣ್ಣು, ತರಗೆಲೆಗಳ ಬಣ್ಣವೇ ರಕ್ಷೆ. ಬಿಳಿಯ ಕೋಳಿ ಮೇಲೆ ಹಾರುವ ಹದ್ದಿಗೆ ದೂರದಿಂದಲೇ ಕಣ್ಣಿಗೆ ಬೀಳುತ್ತದೆ. 2005ರಲ್ಲಿ ಬಂದ ‘ಸ್ವರ್ಣಧಾರ’ ಗಿರಿರಾಜಕ್ಕಿಂತ ಹಗುರ ಮೈಯದು. ಶತ್ರುವಿನಿಂದ ತಪ್ಪಿಸಿಕೊಳ್ಳಲು ಅದು ಇನ್ನೂ ಮೇಲು. ಅಂಕದವನು ಬಣ್ಣದಲ್ಲಿ ಅದೃಷ್ಟವನ್ನು ಹುಡುಕಿದ. ಹೆಬ್ಬಾಳದವರು ಅದಕ್ಕೊಂದು ಕೆಲಸ ಕೊಟ್ಟರು.

ಆದರೆ ಈ ಜಾಣತನಕ್ಕೂ ಒಂದು ಬೆಲೆಯಿದೆ. ಬೆರಕೆಯಿಂದ ಪಡೆದ ಗುಣಗಳು ಮುಂದಿನ ಪೀಳಿಗೆಯಲ್ಲಿ ಒಂದೇ ತೆರನಾಗಿ ನಿಲ್ಲುವುದಿಲ್ಲ, ಚದುರುತ್ತವೆ. ಮಗಳನ್ನು ಗಂಡನ ಮನೆಗೆ ಕಳುಹಿಸುವಾಗ ಜೊತೆಗೊಂದು ಹೇಂಟೆ ಕೊಟ್ಟು, ಅದರ ಸಂತತಿಯಲ್ಲೇ ಉಪ್ಪು ಮೆಣಸಿನ ಖರ್ಚು ತೂಗಿಸಲೆಂದು ಬಯಸುವ ತಾಯಿಗೆ, ಪ್ರತಿಸಲವೂ ಹೊಸ ಮರಿ ಕೊಳ್ಳಬೇಕಾದ ಕೋಳಿ ಅದೇ ನೆರವನ್ನು ನೀಡಲಾರದು. ಇನ್ನೊಂದು ಕಡೆ, ಆಂಧ್ರ ಪ್ರದೇಶ ಮತ್ತು ಕರ್ನಾಟಕಗಳ ತಳಿಯೆಂದು ದಾಖಲಾಗಿರುವ ಘಾಗಸ್‌ನಂಥ ಊರಕೋಳಿಗಳು ಶತಮಾನಗಳಿಂದ ಯಾವ ಪ್ರಯೋಗಶಾಲೆಯ ನೆರವೂ ಇಲ್ಲದೆ ಹಿತ್ತಲಲ್ಲೇ ಕಾವು ಕೂತು ಬಾಳಿವೆ. ಬಣ್ಣವೊಂದನ್ನೇ ನೋಡಿ ಹಣ ಎಣಿಸುವ ನಗರದ ಗಿರಾಕಿಗೆ ಬೆರಕೆಯೂ ಒಂದೇ, ಊರಕೋಳಿಯೂ ಒಂದೇ. ಎರಡಕ್ಕೂ ಒಂದೇ ಬೆಲೆ ಸಿಕ್ಕುವಾಗ, ನಿಧಾನವಾಗಿ ಬೆಳೆಯುವ ಊರಕೋಳಿಯನ್ನು ಹಳ್ಳಿಯವರಾದರೂ ಏಕೆ ಸಾಕಿಯಾರು?

ಆದುದರಿಂದ ನಾಟಿ ಕೋಳಿಯ ಅಭಿಮಾನಿಗಳಲ್ಲಿ ನನ್ನದೊಂದು ವಿನಂತಿ: ಗರಿಯನ್ನು ನೋಡುವುದರ ಜೊತೆಗೆ, ಇದು ಯಾವ ಊರಿನದು, ಯಾರ ಹಿತ್ತಲಲ್ಲಿ ಬೆಳೆದದ್ದು ಎಂದೂ ಒಂದು ಮಾತು ಕೇಳಿ. ಬಣ್ಣವನ್ನು ಬೇಕೆಂದಂತೆ ತರಿಸಿಕೊಳ್ಳುವ ವಿದ್ಯೆ ಮನುಷ್ಯನಿಗೆ ಬಂದು ನೂರು ವರ್ಷಗಳ ಮೇಲಾಯಿತು. ಅಳಿದುಹೋದ ತಳಿಯನ್ನು ತರಿಸಿಕೊಳ್ಳುವ ವಿದ್ಯೆ ಇನ್ನೂ ಬಂದಿಲ್ಲ.