ಕೆ. ಬಿ. ಸುಂದರಾಂಬಾಳ್

ತಮಿಳು ಸಂಗೀತ ನಾಟಕ ಮತ್ತು ಚಲನಚಿತ್ರಗಳ ಗಾಯಕಿ, ನಟಿ (1908–1980). ಕಾವೇರಿ ದಂಡೆಯ ಕೊಡುಮುಡಿಯ ಬಡ ಕುಟುಂಬದಲ್ಲಿ ಹುಟ್ಟಿ, ರೈಲುಗಳಲ್ಲಿ ಹಾಡುತ್ತಿದ್ದ ಹುಡುಗಿ ಬಾಲನಟಿಯಾಗಿ ರಂಗಕ್ಕೆ ಬಂದರು. ಸಿಲೋನಿನಲ್ಲಿ ಗಾಯಕ-ನಟ ಎಸ್. ಜಿ. ಕಿಟ್ಟಪ್ಪನವರೊಂದಿಗೆ ರಂಗದ ಮೇಲೆ ಕೂಡಿದ ಜೋಡಿ ಮುಂದೆ ದಾಂಪತ್ಯವಾಯಿತು. 1933ರಲ್ಲಿ, 27ನೆಯ ವಯಸ್ಸಿನಲ್ಲಿ ಕಿಟ್ಟಪ್ಪ ತೀರಿಕೊಂಡ ಮೇಲೆ ಆಕೆ ಬಿಳಿ ಸೀರೆಯುಟ್ಟರು, ಪುರುಷ ನಾಯಕರಿಗೆ ಜೋಡಿಯಾಗಿ ನಟಿಸಲಿಲ್ಲ. ಅವರ ಚಿತ್ರಗಳು ಕಡಿಮೆ, ಪಾತ್ರಗಳು ಹೆಚ್ಚಾಗಿ ಸಂತರವು. ಇದಕ್ಕೆ ಈ ವೈಧವ್ಯವೇ ಕಾರಣವೆಂದು ಹೇಳುವುದು ರೂಢಿ. ಯಾವ ಪಾತ್ರಗಳು ತಪ್ಪಿದವೆಂಬುದಕ್ಕೆ ಈ ವಿವರಣೆ ಸಾಕು. ಒಪ್ಪಿಕೊಂಡ ಪಾತ್ರಗಳು ಅಷ್ಟು ಗಟ್ಟಿಯಾಗಿ ನಿಂತದ್ದೇಕೆ ಎಂಬುದಕ್ಕೆ ಉತ್ತರ ಅವರು ಕಲಿತ ರಂಗಭೂಮಿಯಲ್ಲಿದೆ.

ಅದು 'ಸ್ಪೆಷಲ್ ನಾಟಕ'ದ ಕಾಲ. ಬೇರೆ ಬೇರೆ ಊರುಗಳ ಕಲಾವಿದರು ಒಂದು ರಾತ್ರಿಯ ಮಟ್ಟಿಗೆ ಸೇರುತ್ತಿದ್ದರು. ಒಟ್ಟಿಗೆ ತಾಲೀಮಿಲ್ಲ, ಕಥೆ ಮಾತ್ರ ಎಲ್ಲರಿಗೂ ಗೊತ್ತು. ಎದುರಾಳಿಯ ಹಾಡಿಗೆ ಹಾಡಿನಲ್ಲೇ ಉತ್ತರ ಕೊಟ್ಟು ಗೆಲ್ಲಬೇಕು, ಅದೂ ಮೈಕಿಲ್ಲದೆ, ಏರು ಶ್ರುತಿಯಲ್ಲಿ, ಕೊನೆಯ ಸಾಲಿಗೂ ಕೇಳುವಂತೆ. ವಳ್ಳಿ-ಮುರುಗರ ಮದುವೆಯ ಕಥೆಯಾದ 'ವಳ್ಳಿ ತಿರುಮಣಂ' ನಾಟಕದ ಜೀವವೇ ಈ ವಾದ-ಪ್ರತಿವಾದ. ಅವರ ಸಿನಿಮಾ ಪಾತ್ರಗಳಲ್ಲಿ ಭಕ್ತಿಯ ಹಿಂದೆ ಇದೇ ವಾದ ಕೇಳಿಸುತ್ತದೆ. 'ನಂದನಾರ್' (1935) ಚಿತ್ರದಲ್ಲಿ ಗಂಡು ವೇಷ ತೊಟ್ಟು, ಒಡೆಯನಾದ ಬ್ರಾಹ್ಮಣನ ಮುಂದೆ ಹಾಡುವ ದಲಿತ ಭಕ್ತನಾದರು. ಆ ಬ್ರಾಹ್ಮಣನ ಪಾತ್ರ ಕರ್ನಾಟಕ ಸಂಗೀತದ ಗಾಯಕ ಮಹಾರಾಜಪುರಂ ವಿಶ್ವನಾಥ ಅಯ್ಯರ್ ಅವರದು. ಎಸ್. ಎಸ್. ವಾಸನ್ ಅವರ ಜೆಮಿನಿ ಸಂಸ್ಥೆಯ 'ಔವೈಯಾರ್' (1953) ಚಿತ್ರದಲ್ಲಿ, ಮುಂದೆ ಬೇರೆಯವರ 'ತಿರುವಿಳೈಯಾಡಲ್' (1965) ಚಿತ್ರದಲ್ಲಿ ದೇವರಿಗೂ ಎದುರಾಡಬಲ್ಲ ಮುದುಕಿ ಕವಿಯಾದರು. 'ಪೂಂಪುಹಾರ್' (1964) ಚಿತ್ರದ ಜೈನ ಸನ್ಯಾಸಿನಿ ಕವುಂದಿಯೂ ಬುದ್ಧಿ ಹೇಳುವ ಹೆಂಗಸೇ.

ರಂಗಭೂಮಿಯೇ ಕಾರಣವೆಂಬ ಈ ಮಾತಿಗೆ ಆಕ್ಷೇಪಗಳಿಲ್ಲದಿಲ್ಲ. 'ನಂದನಾರ್'ಗೆ ಅವರಿಗೆ ಸಂದದ್ದು ಒಂದು ಲಕ್ಷ ರೂಪಾಯಿ, ಆ ಕಾಲಕ್ಕೆ ಕೇಳರಿಯದ ಮೊತ್ತ (ನಿರ್ಮಾಪಕರನ್ನು ಸಾಗಹಾಕಲೆಂದೇ ಅಷ್ಟು ಕೇಳಿದರೆಂಬ ಪ್ರತೀತಿಯಿದೆ). ಆದರೂ ಚಿತ್ರ ಸೋತಿತು, ಲೇಖಕ ಕಲ್ಕಿ ಕೃಷ್ಣಮೂರ್ತಿ ಅದನ್ನು ಲೇವಡಿ ಮಾಡಿದರು. ಕ್ಯಾಮೆರಾ ಹತ್ತಿರ ಬಂದಾಗ ರಂಗದ ಅಭಿನಯ ಒರಟಾಗಿ ಕಂಡಿರಬೇಕು, ನಿಜ. ಆದರೆ ಸೋತದ್ದು ರಂಗಕಲೆಯಲ್ಲ, ಅದಕ್ಕೆ ಒಪ್ಪುವ ಚಿತ್ರವನ್ನು ಕಟ್ಟಲಾಗದಿದ್ದ ಅಂದಿನ ಸಿನಿಮಾ. ಹದಿನೆಂಟು ವರ್ಷಗಳ ನಂತರ ವಾಸನ್ ಅದೇ ಕಂಠದ ಸುತ್ತ ಇಡೀ ಚಿತ್ರ ಹೆಣೆದು ಗೆದ್ದರು. ಭಕ್ತಿ ಪಾತ್ರಗಳು ಆಕೆಯನ್ನು ಕಟ್ಟಿಹಾಕಿದವೆಂಬ ಮಾತನ್ನೂ ಪೂರ್ತಿ ಒಪ್ಪಲಾಗದು. ಕಾಂಗ್ರೆಸ್ ಸಭೆಗಳಲ್ಲಿ ಜನರನ್ನು ಸೆಳೆದು, ಮುಂದೆ ಮದರಾಸು ವಿಧಾನ ಪರಿಷತ್ತಿನಲ್ಲಿ ಕೂತದ್ದೂ ಈ ದನಿಯೇ. ಪ್ರಾಯದ ನಾಯಕಿಯರಿಗೆ ಬೇರೆಯವರು ಹಾಡುವುದು ವಾಡಿಕೆಯಾದ ದಿನಗಳಲ್ಲೂ ಅವರು ತೆರೆಯ ಮೇಲೆ ತಮ್ಮ ದನಿಯಲ್ಲೇ ಹಾಡುತ್ತಿದ್ದರು. 1970ರಲ್ಲಿ ಪದ್ಮಶ್ರೀ ಬಂತು. 'ತುಣೈವನ್' (1969) ಚಿತ್ರದ ಹಾಡಿಗೆ ರಾಷ್ಟ್ರಪ್ರಶಸ್ತಿಯೂ ಬಂತು, ಅದು ಹಿನ್ನೆಲೆ ಗಾಯಕಿಯರ ವಿಭಾಗದಲ್ಲಿ.